ಎಫ್‌ಎಂ ಜನಕ ಆರ್ಮ್‌ಸ್ಟ್ರಾಂಗ್: ಬೆಟ್ಟವೇರಿದ ನಾದ

ಬಾನುಲಿಯ ಸ್ಟುಡಿಯೋ ಸಾಮಾನ್ಯವಾಗಿ ಊರ ನಡುವೆ ಇರುತ್ತದೆ; ಪ್ರಸಾರ ಗೋಪುರ ಊರಾಚೆ, ಅನೇಕ ವೇಳೆ ಬೆಟ್ಟದ ಮೇಲೆ. ಕಲಾವಿದನ ನಾದ ಶ್ರೋತೃವನ್ನು ಮುಟ್ಟುವ ಮುನ್ನ ಈ ಅಂತರವನ್ನು ದಾಟಲೇಬೇಕು. ಅಲ್ಲಿಯೇ ಅದು ಸೊರಗಿದರೆ, ಗೋಪುರ ಎಷ್ಟು ಎತ್ತರವಿದ್ದರೂ ಫಲವಿಲ್ಲ. ಎಡ್ವಿನ್ ಹೊವಾರ್ಡ್ ಆರ್ಮ್‌ಸ್ಟ್ರಾಂಗ್ ಅವರ ಸಂಶೋಧನೆ ಈ ಹಾದಿಗೂ ಬೆಳಕಾಯಿತು.

1890ರ ಡಿಸೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ಅವರು, ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗಲೇ, 1912ರಲ್ಲಿ, ಕ್ಷೀಣ ಸಂಕೇತಗಳನ್ನು ಹಲವು ಪಟ್ಟು ಹಿಗ್ಗಿಸುವ ವಿಧಾನವನ್ನು ಕಂಡುಕೊಂಡರು. ಮೊದಲ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿ ಪ್ಯಾರಿಸ್‌ನಲ್ಲಿದ್ದಾಗ, 1918ರಲ್ಲಿ, ಸೂಪರ್ ಹೆಟರೊಡೈನ್ ಗ್ರಾಹಕವನ್ನು ರೂಪಿಸಿದರು.

ಆದರೆ ಮಿಂಚು ಹೊಳೆದೊಡನೆ ರೇಡಿಯೋ ಕರಕರಗುಟ್ಟುತ್ತಿತ್ತು. ತರಂಗದ ಎತ್ತರವನ್ನು ಬದಲಿಸುವ ಬದಲು ಅದರ ಆವರ್ತನವನ್ನೇ ಬದಲಿಸಿ ಧ್ವನಿಯನ್ನು ಸಾಗಿಸುವ ಎಫ್‌ಎಂ ಪದ್ಧತಿಗೆ ಅವರು 1933ರ ಡಿಸೆಂಬರ್ 26ರಂದು ಪೇಟೆಂಟ್ ಪಡೆದರು. 1938ರಲ್ಲಿ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ಸ್ವಂತ ಗೋಪುರವನ್ನೂ ನಿಲ್ಲಿಸಿದರು.

ಎಫ್‌ಎಂ 15,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಒಯ್ಯಬಲ್ಲದು. ಅಂದಿನ ಸಾಮಾನ್ಯ ದೂರವಾಣಿ ತಂತಿಗಳಿಗಾದರೋ ಸುಮಾರು 5,000 ಹರ್ಟ್ಸ್ ದಾಟುವುದೇ ಕಷ್ಟ. ಪಿಟೀಲಿನ ಸೂಕ್ಷ್ಮ ಸ್ವರಗಳು ತಂತಿಯಲ್ಲೇ ಅಳಿದುಹೋಗುತ್ತಿದ್ದವು. ಆರ್ಮ್‌ಸ್ಟ್ರಾಂಗರ ಪದ್ಧತಿಯನ್ನು ಮೊದಲು ಅಪ್ಪಿಕೊಂಡವರಲ್ಲಿ ಒಬ್ಬರಾದ ಯಾಂಕೀ ನೆಟ್‌ವರ್ಕ್‌ನ ಜಾನ್ ಶೆಫರ್ಡ್, 1939ರಲ್ಲಿ ಮ್ಯಾಸಚೂಸೆಟ್ಸ್‌ನ ಪ್ಯಾಕ್ಸ್‌ಟನ್ ಬೆಟ್ಟದ ಮೇಲೆ ಕೇಂದ್ರ ತೆರೆದರು. ಸ್ಟುಡಿಯೋ ಸುಮಾರು 70 ಕಿಲೋಮೀಟರ್ ದೂರದ ಬಾಸ್ಟನ್‌ನಲ್ಲಿತ್ತು. ನಡುವಣ ಹಾದಿಗೂ ತಂತಿಯ ಬದಲು ಎಫ್‌ಎಂ ತರಂಗವನ್ನೇ ಬಳಸಲಾಯಿತು. ನಾದ ಸೊರಗದೆ ಬೆಟ್ಟವೇರಿತು.

ಸಂಶೋಧಕನ ಬಾಳು ಮಾತ್ರ ಹಸನಾಗಲಿಲ್ಲ. 1945ರಲ್ಲಿ ಅಮೆರಿಕ ಸರ್ಕಾರ ಎಫ್‌ಎಂ ಅನ್ನು 88-108 ಮೆಗಾಹರ್ಟ್ಸ್‌ಗೆ ಸ್ಥಳಾಂತರಿಸಿತು. ಹಳೆಯ ಗ್ರಾಹಕಗಳು ನಿರುಪಯುಕ್ತವಾದವು. ಪೇಟೆಂಟ್ ಹಕ್ಕಿಗಾಗಿ 1948ರಲ್ಲಿ ಆರ್‌ಸಿಎ ಸಂಸ್ಥೆಯ ವಿರುದ್ಧ ಹೂಡಿದ ದಾವೆ ವರ್ಷಗಟ್ಟಲೆ ನಡೆದು ಅವರ ಸಂಪತ್ತನ್ನೂ ನೆಮ್ಮದಿಯನ್ನೂ ಕರಗಿಸಿತು. 1954ರ ಜನವರಿ 31ರಂದು ಅವರು ತಾವಾಗಿಯೇ ಬದುಕಿಗೆ ಕೊನೆ ಹಾಡಿದರು. ಪತ್ನಿ ಮೇರಿಯನ್ ಹೋರಾಟ ಬಿಡಲಿಲ್ಲ. 1967ರಲ್ಲಿ ಕಡೆಯ ವ್ಯಾಜ್ಯವೂ ಅವರ ಪರವಾಗಿ ಮುಗಿಯಿತು.

ಇಂದು ಸ್ಟುಡಿಯೋದಿಂದ ಗೋಪುರದವರೆಗೆ ಮೈಕ್ರೋವೇವ್, ಆಪ್ಟಿಕಲ್ ಫೈಬರ್ ಮುಂತಾದ ಹಾದಿಗಳಿವೆ. ನಮ್ಮ ನಗರಗಳ ಎಫ್‌ಎಂ ಕೇಂದ್ರಗಳೂ ಅದೇ 88-108 ಮೆಗಾಹರ್ಟ್ಸ್ ಪಟ್ಟಿಯಲ್ಲಿ ನುಡಿಯುತ್ತವೆ. ನಿರ್ಮಲವಾದ ಆ ಧ್ವನಿಗೆ ಆರ್ಮ್‌ಸ್ಟ್ರಾಂಗ್ ತೆತ್ತ ಬೆಲೆ ದೊಡ್ಡದು.