ನಮ್ಮೂರನ್ನು ಕೇಳಿದ ಪತ್ರಕರ್ತ: ಆಚಾರ್ಯ ಅತ್ರೆ

ಹಿಂಜವಡಿಯ ಆಫೀಸಿಗೆ ಸೇರಿದ ಮೊದಲ ವಾರ. ಟೀಮಿನವರಿಗೆ ಪರಿಚಯ ಹೇಳಿಕೊಳ್ಳುವಾಗ ನನ್ನ ಊರು ನಿಪ್ಪಾಣಿ ಎಂದೆ. ಮರಾಠಿ ಸಹೋದ್ಯೋಗಿಗಳು ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ಅವರಲ್ಲಿ ಹಿರಿಯರೊಬ್ಬರು, ಹಾಗಾದರೆ ಲಖೋಬಾ ಲೋಖಂಡೆ ನಿಮಗೇನಾಗಬೇಕು ಎಂದು ಕೇಳಿದರು. ನನಗೆ ಒಂದೂ ಅರ್ಥವಾಗಲಿಲ್ಲ. ಎಂಟೆಕ್ ಮುಗಿಸಿ ಬಂದ ಹುಡುಗಿ, ನಾಟಕದ ಗಂಧ ಅಷ್ಟಕ್ಕಷ್ಟೆ. ರಾತ್ರಿ ಅವ್ವನಿಗೆ ಫೋನ್ ಮಾಡಿ ಕೇಳಿದರೆ ಅವಳೂ ನಕ್ಕಳು. ನಿಪ್ಪಾಣಿಯ ತಂಬಾಕು ವ್ಯಾಪಾರಿ ಎಂದು ಹೇಳಿಕೊಂಡು ಊರೂರಲ್ಲಿ ಹೆಸರು ಬದಲಿಸಿ ಹೆಂಗಸರನ್ನು ಮದುವೆಯಾಗಿ ವಂಚಿಸುವವನು ಆ ಲಖೋಬಾ, ಮರಾಠಿ ನಾಟಕದ ಪಾತ್ರ. ಬರೆದವರು ಆಚಾರ್ಯ ಅತ್ರೆ. ಆ ಹೆಸರು ಕೇಳಿದರೆ ನಿಮ್ಮ ಅಜ್ಜ ಒಂದು ಸಲ ಬೈದು ಆಮೇಲೆ ಒಂದು ಸಲ ಹೊಗಳುತ್ತಿದ್ದರು ಎಂದಳು.

ಅದಾಗಿ ಹತ್ತು ವರ್ಷ ದಾಟಿತು. ಈಗ ಪಿಂಪ್ರಿಯ ಅತ್ರೆ ರಂಗಮಂದಿರದ ಮುಂದೆ ಎಷ್ಟು ಸಲ ಹಾದುಹೋಗಿದ್ದೇನೋ ಲೆಕ್ಕವಿಲ್ಲ. ಮುಂಬಯಿಯಲ್ಲಿರುವ ಗೆಳತಿಯರಿಗೆ ವರ್ಲಿಯ ಆಚಾರ್ಯ ಅತ್ರೆ ಚೌಕ್ ಮೆಟ್ರೋ ನಿಲ್ದಾಣ ಗೊತ್ತು. 2025ರ ಮೇ ತಿಂಗಳಲ್ಲಿ ಶುರುವಾದ ಕೆಲವೇ ದಿನಕ್ಕೆ ಮಳೆನೀರು ಒಳನುಗ್ಗಿ ಸುದ್ದಿಯಾಯಿತಲ್ಲ, ಅದೇ. ಅತ್ರೆ ಇದ್ದಿದ್ದರೆ ಅದರ ಮೇಲೆ ಒಂದು ವಾರ ಸಂಪಾದಕೀಯ ಬರೆಯುತ್ತಿದ್ದರು. ಕಳೆದ ಹತ್ತು ಸಾವಿರ ವರ್ಷಗಳಲ್ಲಿ ಇಂಥದ್ದು ಆಗಿರಲಿಲ್ಲ ಎನ್ನುವುದು ಅವರ ಮಾತಿನ ಧಾಟಿ. ಅತಿಶಯೋಕ್ತಿ ಅವರಿಗೆ ಊಟದ ಉಪ್ಪಿನಕಾಯಿ.

ಪ್ರಹ್ಲಾದ ಕೇಶವ ಅತ್ರೆ ಹುಟ್ಟಿದ್ದು 1898ರ ಆಗಸ್ಟ್ 13ರಂದು, ಪುಣೆ ಜಿಲ್ಲೆಯ ಸಾಸವಡದ ಹತ್ತಿರದ ಕೋಡಿತ್ ಎಂಬ ಹಳ್ಳಿಯಲ್ಲಿ. ಅಲ್ಲಿ ಹರಿಯುವ ಸಣ್ಣ ಹೊಳೆ ಕರ್ಹಾ. ಮುಂದೆ ಹಲವು ಸಂಪುಟಗಳಲ್ಲಿ ಬರೆದ ಆತ್ಮಕಥೆಗೆ ಆ ಹೊಳೆಯ ನೀರಿನ ಹೆಸರನ್ನೇ ಇಟ್ಟರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಕ್ಯಾಂಪ್ ಭಾಗದ ಶಾಲೆಯೊಂದರಲ್ಲಿ ಮೇಷ್ಟರಾದರು, ಆಮೇಲೆ ಅಲ್ಲೇ ಹೆಡ್‌ಮಾಸ್ಟರ್. 20ರ ದಶಕದ ಕೊನೆಗೆ ಲಂಡನ್ನಿಗೆ ಹೋಗಿ ಶಿಕ್ಷಕರ ಡಿಪ್ಲೊಮಾ ಮಾಡಿಕೊಂಡು ಬಂದರು. ಮಕ್ಕಳಿಗೆ ಹೊಸ ಬಗೆಯ ಮರಾಠಿ ಪಠ್ಯಪುಸ್ತಕ ಮಾಡಿದರು. ಹೆಣ್ಣುಮಕ್ಕಳಿಗಾಗಿ ಸುಧಾರಕ ಆಗರ್ಕರರ ಹೆಸರಿನಲ್ಲಿ ಪುಣೆಯಲ್ಲಿ ಹೈಸ್ಕೂಲು ತೆರೆದರು. ಆಚಾರ್ಯ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ಅವರನ್ನು ಬರೀ ಜಗಳಗಂಟ ಪತ್ರಕರ್ತ ಎಂದು ತಿಳಿದವರು ಈ ಮೇಷ್ಟರಿಕೆಯ ವರ್ಷಗಳನ್ನು ಮರೆತುಬಿಡುತ್ತಾರೆ.

ಕವಿಯಾಗಿ ಅವರು ಕೇಶವಕುಮಾರ. 1925ರಲ್ಲಿ ಬಂದ 'ಝೆಂಡೂಚೀ ಫುಲೇ' ಅಣಕುಗವಿತೆಗಳ ಪುಸ್ತಕ. ಝೆಂಡು ಎಂದರೆ ನಮ್ಮ ಚೆಂಡುಹೂವು. ಆಗ ಪುಣೆಯಲ್ಲಿ ರವಿಕಿರಣ ಮಂಡಳದ ಕವಿಗಳದ್ದೇ ದರ್ಬಾರು. ಅವರ ನಯನಾಜೂಕಿನ ಪ್ರೇಮಕವಿತೆಗಳಿಗೆ ಅತ್ರೆ ಮಲ್ಲಿಗೆಯ ಬದಲು ಚೆಂಡುಹೂವಿನ ಮಾಲೆ ಹಾಕಿದರು.

1933ರಿಂದ ನಾಟಕ. 'ಸಾಷ್ಟಾಂಗ ನಮಸ್ಕಾರ'ದಿಂದ ಹಿಡಿದು ಮೂರು ನಾಲ್ಕು ವರ್ಷಗಳಲ್ಲಿ ಒಂದರ ಹಿಂದೊಂದು ಬಂದವು. ನಗೆಯ ನಾಟಕಗಳೇ ಹೆಚ್ಚು ಹೆಸರಾದವು. ನನಗೆ ಮುಖ್ಯವೆನಿಸುವುದು 1934ರ 'ಘರಾಬಾಹೇರ್', ಎಂದರೆ ಮನೆಯಿಂದ ಹೊರಗೆ. ಗಂಡನ ಮನೆಯಲ್ಲಿ ಮಾನ ಉಳಿಯದ ಹೆಣ್ಣು ಹೊಸ್ತಿಲು ದಾಟಿ ಹೊರಡುವ ಕಥೆ. ಅದೇ ವರ್ಷಗಳಲ್ಲಿ ನನ್ನ ಮುತ್ತಜ್ಜಿ ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ಕೂಲಿ ಮಾಡಿ, ಸಂಜೆ ಆ ಘಾಟಿನ ಸೀರೆಯಲ್ಲೇ ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದಳಂತೆ. ಅವಳಿಗೆ ಹೊಸ್ತಿಲು ದಾಟುವುದು ದಿನದ ಕೆಲಸ. ಆದರೆ ಹಿಂತಿರುಗುವುದಿಲ್ಲ ಎಂದು ದಾಟುವ ಹೆಣ್ಣನ್ನು ಆ ಕಾಲಕ್ಕೆ ರಂಗದ ಮೇಲೆ ನಿಲ್ಲಿಸುವುದಕ್ಕೆ ಧೈರ್ಯ ಬೇಕಿತ್ತು.

ರಾಜಕೀಯಕ್ಕೂ ಅವರು ಕಾಲಿಟ್ಟದ್ದು ಪುಣೆಯಲ್ಲೇ, 30ರ ದಶಕದ ಕೊನೆಗೆ, ನಗರಸಭೆಯ ಸದಸ್ಯರಾಗಿ. ನಾವೆಲ್ಲ ತರಕಾರಿಗೆ ಹೋಗುವ ಮಂಡಯಿ ಇದೆಯಲ್ಲ, ಅದಕ್ಕೆ ಮೊದಲು ರೇ ಮಾರ್ಕೆಟ್ ಎಂದು ಬ್ರಿಟಿಷ್ ಗವರ್ನರನ ಹೆಸರಿತ್ತು. ಅದು ಮಹಾತ್ಮಾ ಫುಲೆ ಮಂಡಯಿ ಆದದ್ದು ಅತ್ರೆಯವರ ಪ್ರಯತ್ನದಿಂದ. ಫುಲೆಯವರ ಹೆಸರು ಕೇಳಿದರೆ ಮುಖ ಸಿಂಡರಿಸುವ ದೊಡ್ಡಮನುಷ್ಯರು ಆಗಿನ ಪುಣೆಯಲ್ಲಿ ಕಡಿಮೆ ಇರಲಿಲ್ಲ.

ಸಿನಿಮಾದ ಕಥೆ ಬೇಗ ಹೇಳಿಬಿಡುತ್ತೇನೆ. 1938ರ 'ಬ್ರಹ್ಮಚಾರಿ' ಅವರು ಬರೆದದ್ದು; ನಾಯಕಿ ಮೀನಾಕ್ಷಿ ಶಿರೋಡಕರ್ ಈಜುಡುಗೆಯಲ್ಲಿ ಕಾಣಿಸಿಕೊಂಡು ಆಗ ದೊಡ್ಡ ಗುಲ್ಲಾಯಿತು. ಆಮೇಲೆ ಸ್ವಂತ ನಿರ್ಮಾಣ, ನಿರ್ದೇಶನ, ಗಳಿಕೆ, ಸಾಲ ಎಲ್ಲವೂ ಆದವು. ಸಾನೆ ಗುರೂಜಿ ನಾಸಿಕದ ಜೈಲಿನಲ್ಲಿ ಕೂತು ತಾಯಿಯ ನೆನಪಿನಲ್ಲಿ ಬರೆದ 'ಶ್ಯಾಮಚೀ ಆಯಿ'ಯನ್ನು 1953ರಲ್ಲಿ ಅತ್ರೆ ಚಿತ್ರ ಮಾಡಿದರು. ಮರುವರ್ಷ ಕೇಂದ್ರ ಸರ್ಕಾರ ಮೊದಲ ಬಾರಿಗೆ ಚಲನಚಿತ್ರ ಪ್ರಶಸ್ತಿ ಕೊಟ್ಟಾಗ ಇಡೀ ದೇಶದ ಶ್ರೇಷ್ಠ ಕಥಾಚಿತ್ರದ ರಾಷ್ಟ್ರಪತಿ ಚಿನ್ನದ ಪದಕ ಬಂದದ್ದು ಈ ಮರಾಠಿ ಚಿತ್ರಕ್ಕೆ. ಅದರ ಮರುವರ್ಷ ಅವರ 'ಮಹಾತ್ಮಾ ಫುಲೆ'ಗೆ ಬೆಳ್ಳಿ ಪದಕ. 'ಶ್ಯಾಮಚೀ ಆಯಿ'ಯನ್ನು ನಾನು ಲಾಕ್‌ಡೌನಿನಲ್ಲಿ ನೋಡಿದೆ. ಕಪ್ಪು ಬಿಳುಪು, ಧ್ವನಿ ಅಲ್ಲಲ್ಲಿ ಒಡೆಯುತ್ತದೆ. ನನ್ನ ಮಗ ಅರ್ಧಕ್ಕೇ ಎದ್ದುಹೋದ. ನಾನು ಮಾತ್ರ ಕೊನೆಗೆ ಮುಖ ತೊಳೆದುಕೊಳ್ಳಬೇಕಾಯಿತು.

ಇನ್ನು ಪತ್ರಿಕೆ. 1940ರಲ್ಲಿ 'ನವಯುಗ' ವಾರಪತ್ರಿಕೆ ಶುರು ಮಾಡಿದರು. 1942ರಲ್ಲಿ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆದರೆ ಅತ್ರೆ ಎಂದರೆ ಜನರ ಬಾಯಲ್ಲಿ ಇವತ್ತಿಗೂ 'ಮರಾಠಾ' ದಿನಪತ್ರಿಕೆಯೇ. ಅದು ಹೊರಟ ದಿನ 1956ರ ನವೆಂಬರ್ 15. ಈ ತಾರೀಖನ್ನು ಕನ್ನಡದವರು ಒಂದು ಗಳಿಗೆ ನಿಂತು ನೋಡಬೇಕು. ಅದಕ್ಕೆ ಸರಿಯಾಗಿ ಹದಿನಾಲ್ಕು ದಿನ ಮೊದಲು, ನವೆಂಬರ್ 1ರಂದು, ಮುಂಬಯಿ ಪ್ರಾಂತದ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಕಡೆಯ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ್ದವು. ನಮ್ಮ ಕಡೆ ಅದು ಹಬ್ಬ. ಆದರೆ ಅದೇ ಪುನರ್ವಿಂಗಡಣೆ ಮರಾಠಿಗರಿಗೆ ಅವರ ಭಾಷೆಯ ರಾಜ್ಯ ಕೊಡಲಿಲ್ಲ. ಅವರನ್ನು ಗುಜರಾತಿಗಳ ಜೊತೆ ಸೇರಿಸಿ ದ್ವಿಭಾಷಾ ಮುಂಬಯಿ ರಾಜ್ಯ ಮಾಡಿತು. ಮುಂಬಯಿ ಅವರ ಕೈಗೆ ಪೂರ್ತಿ ಸಿಗಬಾರದು ಎಂಬ ಹಿತಾಸಕ್ತಿಗಳಿದ್ದವು. ಹಿಂದಿನ ವರ್ಷವೇ ಫ್ಲೋರಾ ಫೌಂಟನ್ ಹತ್ತಿರ ಪೊಲೀಸರು ಗುಂಡು ಹಾರಿಸಿದ್ದರು. ಆಗ ಮೊರಾರ್ಜಿ ದೇಸಾಯಿ ಮುಖ್ಯಮಂತ್ರಿ. ಆ ಚಳವಳಿಯಲ್ಲಿ ಸತ್ತವರು ನೂರಕ್ಕೂ ಹೆಚ್ಚು. ಇವತ್ತಿನ ಹುತಾತ್ಮಾ ಚೌಕ ಅವರ ನೆನಪಿಗೇ ಇರುವುದು.

1956ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಸಂಯುಕ್ತ ಮಹಾರಾಷ್ಟ್ರ ಸಮಿತಿ ಹುಟ್ಟಿತು. ಸಮಾಜವಾದಿ ಎಸ್.ಎಂ. ಜೋಶಿ, ಕಮ್ಯುನಿಸ್ಟ್ ಡಾಂಗೆ, ಪ್ರಬೋಧನಕಾರ ಠಾಕರೆ, ಲಾವಣಿ ಹಾಡುವ ಶಾಹಿರರು, ಹೀಗೆ ಒಂದು ಪಂಕ್ತಿಯಲ್ಲಿ ಕೂತು ಉಣ್ಣದವರೆಲ್ಲ ಒಂದೇ ವೇದಿಕೆ ಹತ್ತಿದರು. ಅತ್ರೆ ಅದರ ದೊಡ್ಡ ಗಂಟಲು. ಬೆಳಿಗ್ಗೆ 'ಮರಾಠಾ'ದಲ್ಲಿ ಬರೆದದ್ದನ್ನು ಸಂಜೆ ಶಿವಾಜಿ ಪಾರ್ಕಿನಲ್ಲಿ ಮಾತಾಡುವುದು. ಮೊರಾರ್ಜಿಯವರನ್ನೂ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನೂ ಅವರು ಬೈದ ರೀತಿ ಇವತ್ತು ಯಾವ ಪತ್ರಿಕೆಯ ವಕೀಲರೂ ಒಪ್ಪಿಕೊಳ್ಳುವಂಥದ್ದಲ್ಲ. ಅದರಲ್ಲಿ ಹಾಸ್ಯವಿತ್ತು, ಕೊಳಕೂ ಇತ್ತು. ಅವರನ್ನು ಮೆಚ್ಚುವವರು ಆ ಕೊಳಕನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. 1957ರ ಚುನಾವಣೆಯಲ್ಲಿ ಮುಂಬಯಿಯಲ್ಲೂ ಪಶ್ಚಿಮ ಮಹಾರಾಷ್ಟ್ರದಲ್ಲೂ ಸಮಿತಿ ಕಾಂಗ್ರೆಸ್ಸಿನ ನೆಲ ನಡುಗಿಸಿತು, ಅತ್ರೆ ದಾದರಿನಿಂದ ಶಾಸಕರಾದರು. ಅದೇ ವರ್ಷ ನೆಹರೂ ಪ್ರತಾಪಗಡಕ್ಕೆ ಶಿವಾಜಿ ಪ್ರತಿಮೆ ಅನಾವರಣಕ್ಕೆ ಬಂದಾಗ ಸಮಿತಿ ದೊಡ್ಡ ಕಪ್ಪು ಬಾವುಟದ ಪ್ರದರ್ಶನ ಮಾಡಿತು. ಕಡೆಗೆ 1960ರ ಮೇ 1ರಂದು ಮಹಾರಾಷ್ಟ್ರ ಆಯಿತು.

ಆದರೆ ಸಮಿತಿಯ ಘೋಷಣೆಯಲ್ಲಿ ಬೆಳಗಾವಿ, ಕಾರವಾರ, ಬೀದರ್, ಭಾಲ್ಕಿಯ ಜೊತೆಗೆ ನಿಪ್ಪಾಣಿಯ ಹೆಸರೂ ಇತ್ತು. ನನ್ನ ಅಜ್ಜ ನಿಪ್ಪಾಣಿಯಲ್ಲಿ ಕನ್ನಡ ಶಾಲೆಯ ಮಾಸ್ತರ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಊರು ಮಹಾರಾಷ್ಟ್ರಕ್ಕೆ ಹೋದರೆ ತನ್ನ ಶಾಲೆ ಏನಾಗುತ್ತದೆ ಎಂಬ ಭಯ ಅವರನ್ನು ಬಹಳ ವರ್ಷ ಬಿಡಲಿಲ್ಲವಂತೆ. 1967ರಲ್ಲಿ ಮಹಾಜನ ಆಯೋಗ ಬೆಳಗಾವಿ ನಮ್ಮಲ್ಲೇ ಇರಲಿ, ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ ಎಂದಾಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಆಯಿ ಹೇಳುತ್ತಿದ್ದಳು. ಮಹಾರಾಷ್ಟ್ರ ಆ ವರದಿಯನ್ನು ಒಪ್ಪಲಿಲ್ಲ, ಊರು ಇದ್ದಲ್ಲೇ ಇತ್ತು. ಹೀಗಿದ್ದೂ ಅಜ್ಜ ದಿನಾ ಸಂಜೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಹೋಗಿ, ಒಂದು ಚಹಾ ಹೇಳಿ, ಹಿಂದಿನ ದಿನದ 'ಮರಾಠಾ' ಓದುತ್ತಿದ್ದರು. ನಮ್ಮೂರನ್ನು ಕಿತ್ತುಕೊಳ್ಳಲು ನಿಂತವನ ಪತ್ರಿಕೆ ಯಾಕೆ ಓದಬೇಕು ಎಂದು ಜೊತೆಯ ಮಾಸ್ತರರು ಜಗಳ ತೆಗೆದರೆ, ಹೀಗೆ ಬರೆಯುವವನು ನಮ್ಮ ಕಡೆ ಇಲ್ಲವಲ್ಲ ಎಂದು ಹೊಟ್ಟೆಕಿಚ್ಚು ತೀರಿಸಿಕೊಳ್ಳುತ್ತಿದ್ದರಂತೆ.

ಗಡಿಯ ವಿಷಯದಲ್ಲಿ ನಾನು ಅಜ್ಜನ ಕಡೆಯವಳೇ. ಆದರೆ ಪುಣೆಯಲ್ಲಿ ಸಂಸಾರ ಹೂಡಿ, ಮಗನಿಗೆ ಮನೆಯಲ್ಲಿ ಕನ್ನಡ ಕಲಿಸಲು ಒದ್ದಾಡುವಾಗ ತನ್ನ ಭಾಷೆಗೊಂದು ನೆಲ ಬೇಕು ಎಂಬ ಮರಾಠಿಗರ ಅಂದಿನ ಸಂಕಟ ನನಗೆ ಪರಕೀಯ ಅನ್ನಿಸುವುದಿಲ್ಲ. 1955ರಲ್ಲಿ ಮುಂಬಯಿಯಲ್ಲಿದ್ದಿದ್ದರೆ ನಾನು ಯಾವ ಕಡೆ ನಿಲ್ಲುತ್ತಿದ್ದೆ? ನನಗೆ ಗೊತ್ತಿಲ್ಲ.

ಅತ್ರೆಯವರ ಬರವಣಿಗೆಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಬೈಗುಳವಲ್ಲ, ಸತ್ತವರ ಬಗ್ಗೆ ಬರೆದದ್ದು. ಅಂಬೇಡ್ಕರರ ಅಂತ್ಯಕ್ರಿಯೆಯ ದಿನ ದಾದರಿನ ಕಡಲ ದಂಡೆಯಲ್ಲಿ ಸೇರಿದ್ದ ಲಕ್ಷಗಟ್ಟಲೆ ಜನರ ಮುಂದೆ ಅವರು ಮಾತಾಡಿದರು. ಆಗ 'ಮರಾಠಾ' ಶುರುವಾಗಿ ಒಂದು ತಿಂಗಳೂ ಆಗಿರಲಿಲ್ಲ. ಪತ್ರಿಕೆಯಲ್ಲೂ ಅಂಬೇಡ್ಕರರ ಬಗ್ಗೆ ದಿನಗಟ್ಟಲೆ ಬರೆದರು. 1964ರ ಮೇ 27ರಂದು ನೆಹರೂ ಹೋದರು. ವರ್ಷಗಟ್ಟಲೆ ನೆಹರೂರನ್ನು ವಿರೋಧಿಸಿದ ಅದೇ ಪೆನ್ನಿನಿಂದ ಒಂದರ ಹಿಂದೊಂದು ಲೇಖನ ಬಂತು. ಅವೇ ಮುಂದೆ 'ಸೂರ್ಯಾಸ್ತ' ಎಂಬ ಪುಸ್ತಕವಾದವು. ವಿರೋಧಿ ಸತ್ತಾಗ ಹೀಗೆ ಅಳುವ ಪತ್ರಕರ್ತರನ್ನು ನಾನು ನನ್ನ ಕಾಲದಲ್ಲಿ ಕಂಡಿಲ್ಲ.

ಲಖೋಬಾನ ವಿಷಯ ಅರ್ಧಕ್ಕೇ ನಿಂತಿತ್ತು. 'ತೋ ಮೀ ನವ್ಹೇಚ್', ಎಂದರೆ ಅವನು ನಾನಲ್ಲವೇ ಅಲ್ಲ. ನಿಜವಾಗಿ ನಡೆದ ಖಟ್ಲೆಯೊಂದನ್ನು ಆಧರಿಸಿದ್ದು. ಮೊದಲ ಪ್ರದರ್ಶನ 1962ರ ಅಕ್ಟೋಬರ್ 8ರಂದು, ದೆಹಲಿಯಲ್ಲಿ. ತಿರುಗುವ ರಂಗದ ಮೇಲೆ ಪ್ರಭಾಕರ ಪಣಶೀಕರ್ ಒಬ್ಬರೇ ಐದು ವೇಷ ಹಾಕುತ್ತಿದ್ದರು. ಚೆನ್ನೈನವರಿಗೆ ಇದೇ ಕಥೆ 1974ರ ಕೆ. ಬಾಲಚಂದರ್ ಚಿತ್ರ 'ನಾನ್ ಅವನಿಲ್ಲೈ'ಯಿಂದ ಗೊತ್ತಿರಬಹುದು. ಜನ ನೆನಪಿಟ್ಟುಕೊಂಡದ್ದು ಲಖೋಬಾನ ಚಾಲಾಕಿಯನ್ನು. ನಾನು ನೋಡುವಾಗ ನನ್ನ ಕಣ್ಣು ಹೋದದ್ದು ಕಟಕಟೆಗೆ ಬಂದು ಸಾಕ್ಷಿ ಹೇಳುವ ಹೆಂಗಸರ ಕಡೆಗೆ. ಮೋಸ ಹೋದದ್ದನ್ನು ಊರ ಮುಂದೆ ಹೇಳಿಕೊಳ್ಳುವುದು ಇವತ್ತಿಗೂ ಸುಲಭವಲ್ಲ. ಅವನೋ, ಪ್ರತಿಯೊಬ್ಬಳ ಎದುರಿಗೂ ಅವನು ನಾನಲ್ಲ ಎಂದು ನಗುತ್ತ ನಿಂತಿರುತ್ತಾನೆ.

ಅತ್ರೆ ತೀರಿಕೊಂಡದ್ದು 1969ರ ಜೂನ್ 13. ಅವರ ಮಗಳು ಶಿರೀಷ್ ಪೈ ಅಪ್ಪನ ಪತ್ರಿಕೆಗಳಲ್ಲೇ ದುಡಿದು ಬೆಳೆದವರು, ಮರಾಠಿಗೆ ಹಾಯಿಕು ತಂದ ಕವಿ. ಮೂರು ಸಾಲಿಗಿಂತ ಹೆಚ್ಚು ಬೇಡದ ಕಾವ್ಯವನ್ನು, ಮೂರು ತಾಸು ಮಾತಾಡಿದರೂ ಸಾಲದ ಅಪ್ಪನ ಮಗಳು ಆರಿಸಿಕೊಂಡದ್ದು ನೆನೆದರೆ ನನಗೆ ನಗು ಬರುತ್ತದೆ.

ಅಜ್ಜ ಹೋಗಿ ಇಪ್ಪತ್ತು ವರ್ಷವಾಯಿತು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಟ್ರಂಕು ಇಳಿಸಿದೆವು. ಸರ್ವಿಸ್ ಪುಸ್ತಕ, ಹೊಲದ ಉತಾರೆಗಳ ನಡುವೆ ದಾರ ಕಟ್ಟಿದ ಪತ್ರಿಕೆಯ ತುಣುಕುಗಳು ಸಿಕ್ಕವು. ಗಡಿಯ ಬಗ್ಗೆ ಒಂದೂ ಇರಲಿಲ್ಲ. ಎಲ್ಲ 1964ರ ಮೇ, ಜೂನ್ ತಿಂಗಳವು, ನೆಹರೂ ಬಗ್ಗೆ ಬರೆದವು. ಅಂಚಿನಲ್ಲಿ ಕಠಿಣ ಮರಾಠಿ ಶಬ್ದಗಳಿಗೆ ಅಜ್ಜ ಪೆನ್ಸಿಲಿನಲ್ಲಿ ಕನ್ನಡದ ಅರ್ಥ ಬರೆದಿಟ್ಟಿದ್ದರು. ಎರಡು ಕಡೆ ಅರ್ಥ ತಪ್ಪಾಗಿತ್ತು. ತಿದ್ದಲು ಮನಸ್ಸಾಗಲಿಲ್ಲ.