ಗೇಣಿದಾರನ ಗುಡಿಸಲಿನಿಂದ ಕಾಲೇಜಿನ ಮೆಟ್ಟಿಲವರೆಗೆ: ದಿನಕರ ದೇಸಾಯಿ ಎಂಬ ಜನಸೇವಕ

ಮಂಗಳೂರಿನಿಂದ ಕಾರವಾರದ ಕಡೆಗೆ ಬಸ್ಸು ಹತ್ತಿದವರಿಗೆ ಅಂಕೋಲಾ ಗೊತ್ತುಂಟು. ಗಂಗಾವಳಿ ಹೊಳೆ ದಾಟಿದ ಮೇಲೆ ಸಿಗುವ ಸಣ್ಣ ಪೇಟೆ. ಆ ಪೇಟೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಎಂಬ ಒಂದು ಕಾಲೇಜು ಉಂಟು. ಗೋಪಾಲಕೃಷ್ಣ ಗೋಖಲೆಯವರು ಪುಣೆಯವರು. ಅವರ ಹೆಸರಿನ ಕಾಲೇಜು ಅರಬ್ಬಿ ಸಮುದ್ರದ ದಂಡೆಯ ಈ ಊರಿಗೆ ಹೇಗೆ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಒಬ್ಬ ಮನುಷ್ಯನ ಇಡೀ ಬದುಕು ತೆರೆದುಕೊಳ್ಳುತ್ತದೆ. ಅವರೇ ದಿನಕರ ದತ್ತಾತ್ರೇಯ ದೇಸಾಯಿ.

ಹೆಚ್ಚಿನವರಿಗೆ ಅವರು ಚುಟುಕದ ಕವಿ. ಶಾಲೆಯ ಪಾಠಪುಸ್ತಕದಲ್ಲಿ ಅವರ ನಾಲ್ಕು ಸಾಲಿನ ಪದ್ಯಗಳನ್ನು ಬಾಯಿಪಾಠ ಮಾಡಿದವರು ನಮ್ಮಲ್ಲೂ ಇದ್ದಾರೆ. ಆದರೆ ಕಾರವಾರ, ಅಂಕೋಲಾ ಸೀಮೆಯ ಹಳೆಯ ರೈತರನ್ನು ಕೇಳಿದರೆ ಬೇರೆಯೇ ಚಿತ್ರ ಸಿಗುತ್ತದೆ. ಅಲ್ಲಿ ಅವರು ಕವಿ ಆಮೇಲೆ. ಮೊದಲು ಗೇಣಿದಾರರ ಪರ ನಿಂತವರು, ಊರಿಗೆ ಶಾಲೆ ತಂದವರು.

ಹುಟ್ಟು, ಓದು

ದಿನಕರ ದೇಸಾಯಿ ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲಾ ಸೀಮೆಯಲ್ಲಿ. ತಂದೆ ಶಾಲಾ ಮಾಸ್ತರರು. ಆಗ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಬ್ರಿಟಿಷರು ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದ್ರಾಸಿನಿಂದ ತೆಗೆದು ಮುಂಬೈಗೆ ಸೇರಿಸಿದ್ದರು. ನಮ್ಮ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ಎರಡು ತುಂಡು ಎರಡು ಸರಕಾರದ ಕೈಗೆ ಹೋದ ಹಾಗಾಯಿತು. ಹೀಗಾಗಿ ಕಾರವಾರದವರಿಗೆ ಓದು, ಕೆಲಸ, ಕೋರ್ಟು ಎಂದರೆ ಮುಂಬೈ. ದೇಸಾಯಿಯವರೂ ಮೈಸೂರಿನಲ್ಲಿ ಪದವಿ ಮುಗಿಸಿ ಮುಂಬೈಗೆ ಹೋದರು. ಎಂ.ಎ. ಮಾಡಿದರು, ಕಾನೂನು ಓದಿದರು.

ಅವರು ಎಳೆಯರಾಗಿದ್ದಾಗ ಅಂಕೋಲಾ ಸುಮ್ಮನಿದ್ದ ಊರಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಕರ್ನಾಟಕದವರು ಆರಿಸಿಕೊಂಡ ಜಾಗ ಅದೇ ಅಂಕೋಲಾ. ಎರಡು ವರ್ಷದ ಬಳಿಕ ಕರನಿರಾಕರಣೆ ಚಳವಳಿ ನಡೆಯಿತು. ಕಂದಾಯ ಕೊಡುವುದಿಲ್ಲ ಎಂದು ಹಟ ಹಿಡಿದ ರೈತರ ಜಮೀನು ಜಪ್ತಿಯಾಯಿತು, ಮನೆ ಸಾಮಾನು ಹರಾಜಿಗೆ ಬಂತು. ಅಂಥ ಊರಿನ ಹುಡುಗ ಎಂ.ಎ., ಎಲ್‌ಎಲ್‌ಬಿ ಮಾಡಿ ಮುಂಬೈಯಲ್ಲಿ ವಕೀಲಿಕೆ ಮಾಡಿದ್ದರೆ ಚೆನ್ನಾಗಿ ದುಡಿಯಬಹುದಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ಭಾರತ ಸೇವಕ ಸಮಾಜ ಸೇರಿದರು.

ಈ ಸಮಾಜವನ್ನು 1905ರಲ್ಲಿ ಪುಣೆಯಲ್ಲಿ ಕಟ್ಟಿದವರು ಗೋಖಲೆ. ಸದಸ್ಯನಾಗುವವನು ಪ್ರತಿಜ್ಞೆ ಮಾಡಬೇಕು. ತನಗಾಗಿ ಹಣ ಸಂಪಾದಿಸುವ ಹಾಗಿಲ್ಲ. ಸಮಾಜ ಕೊಡುವ ಸಣ್ಣ ಭತ್ಯೆಯಲ್ಲೇ ಸಂಸಾರ ಸಾಗಬೇಕು. ಜಾತಿ, ಮತ ನೋಡದೆ ದುಡಿಯಬೇಕು. ರಾಜಕೀಯ ಪಕ್ಷವೂ ಅಲ್ಲದ, ಸರಕಾರದ ಇಲಾಖೆಯೂ ಅಲ್ಲದ ಒಂದು ಸಂಸ್ಥೆಗೆ ಜೀವಮಾನವಿಡೀ ಕೊಟ್ಟುಬಿಡುವುದು ಎಂದರೆ ಸುಲಭದ ಮಾತಲ್ಲ. ಇವತ್ತು ನಾವು ಎನ್‌ಜಿಒ ಅಂತ ಕರೆಯುತ್ತೇವಲ್ಲ, ಅದರ ಹಳೆಯ ಮತ್ತು ಕಠಿಣವಾದ ರೂಪ ಅದು.

ಹಡಗಿನವರ ನಡುವೆ

ಮುಂಬೈಯಲ್ಲಿ ದೇಸಾಯಿಯವರಿಗೆ ಸಿಕ್ಕಿದ ಕೆಲಸ ಹಡಗು ಕಾರ್ಮಿಕರದ್ದು. ಈ ಸಂಗತಿ ಕರಾವಳಿಯ ನಮಗೆ ಹತ್ತಿರದ್ದು. ಆಗ ಬ್ರಿಟಿಷ್ ಕಂಪೆನಿಗಳ ಹಡಗುಗಳು ಓಡುತ್ತಿದ್ದುದು ಇಲ್ಲಿಯ ಖಲಾಸಿಗಳ ಬೆವರಿನಿಂದ. ಡೆಕ್ಕಿನ ಮೇಲೆ ಕೊಂಕಣದ ಮುಸ್ಲಿಮರು, ಎಂಜಿನ್ ಕೋಣೆಯ ಬೆಂಕಿಯ ಮುಂದೆ ಪಂಜಾಬಿನವರು ಮತ್ತು ಪಠಾಣರು, ಅಡುಗೆ ಮತ್ತು ಪ್ರಯಾಣಿಕರ ಸೇವೆಗೆ ಗೋವಾದ ಕ್ರೈಸ್ತರು. ಹೆಚ್ಚುಕಡಿಮೆ ಹೀಗೆ ಕೆಲಸ ಹಂಚಿಹೋಗಿತ್ತು. ಯುರೋಪಿನ ನಾವಿಕನಿಗೆ ಸಿಗುತ್ತಿದ್ದ ಸಂಬಳದ ಸಣ್ಣ ಪಾಲು ಇವರಿಗೆ. ಹಡಗು ಹತ್ತಲು ಮಧ್ಯವರ್ತಿಗಳ ಕೈ ಬಿಸಿ ಮಾಡಬೇಕು. ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂರುವಾಗ ಸಾಲ ಮಾಡಬೇಕು. ಮತ್ತೆ ಹಡಗು ಸಿಕ್ಕಿದರೆ ಆ ಸಂಬಳ ಸಾಲಕ್ಕೇ ಹೋಗುತ್ತದೆ.

ದೇಸಾಯಿಯವರು ಈ ನಾವಿಕರ ಸಂಘದಲ್ಲಿ ದುಡಿದರು. ಬರೇ ಸಭೆ ಮಾಡಿ ಭಾಷಣ ಹೊಡೆಯಲಿಲ್ಲ. ನೇಮಕಾತಿ ಹೇಗೆ ನಡೆಯುತ್ತದೆ, ಸಂಬಳ ಎಷ್ಟು, ಕಾನೂನು ಏನು ಹೇಳುತ್ತದೆ ಎಂದೆಲ್ಲ ಮಾಹಿತಿ ಕಲೆಹಾಕಿ ಭಾರತದ ಹಡಗು ಕಾರ್ಮಿಕರ ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದರು. ಎರಡನೇ ಮಹಾಯುದ್ಧದಲ್ಲಿ ಭಾರತದ 6,000ಕ್ಕೂ ಹೆಚ್ಚು ವ್ಯಾಪಾರಿ ನಾವಿಕರು ಸಮುದ್ರದ ಪಾಲಾದರು. ಇಂಥ ಮನುಷ್ಯರ ಲೆಕ್ಕ ಬರೆದಿಡಬೇಕು, ಲೆಕ್ಕ ಇಲ್ಲದವನಿಗೆ ಹಕ್ಕೂ ಇಲ್ಲ ಎಂಬುದು ದೇಸಾಯಿಯವರಿಗೆ ಮೊದಲೇ ಗೊತ್ತಿತ್ತು. ಸಂಘಟನೆ ಎಂದರೆ ಜನ ಸೇರಿಸುವುದು ಮಾತ್ರ ಅಲ್ಲ, ದಾಖಲೆ ಸೇರಿಸುವುದೂ ಹೌದು. ಮುಂದೆ ಊರಿನಲ್ಲಿ ಅವರ ಕೈ ಹಿಡಿದದ್ದು ಈ ಪಾಠ.

ಗೇಣಿದಾರರ ಹೋರಾಟ

ಊರಿನ ಸ್ಥಿತಿ ಹೇಗಿತ್ತು ನೋಡಿ. ಹೊಲದಲ್ಲಿ ದುಡಿಯುವವರು ಹಾಲಕ್ಕಿಗಳು, ನಾಮಧಾರಿಗಳು, ಇನ್ನೂ ಹತ್ತಾರು ದುಡಿಯುವ ಜಾತಿಯವರು. ಹೊಲದ ಕಾಗದ ಒಡೆಯನ ಹೆಸರಲ್ಲಿ. ಚಾಲಗೇಣಿ ಎಂದರೆ ಇವತ್ತು ಉಂಟು, ನಾಳೆ ಇಲ್ಲ. ಬೆಳೆ ಬಂದರೂ ಬಾರದಿದ್ದರೂ ಗೇಣಿ ಅಳೆಯಬೇಕು. ಅದರ ಮೇಲೆ ಒಡೆಯನ ಮನೆಯಲ್ಲಿ ಬಿಟ್ಟಿ ಚಾಕರಿ. ಹೊಳೆಬದಿಯ ಗಜನಿ ಭೂಮಿಗೆ ಉಪ್ಪುನೀರು ನುಗ್ಗಿ ಭತ್ತ ಸತ್ತರೆ ನಷ್ಟ ಉಳುವವನ ತಲೆಗೆ. ನಾಲ್ಕು ಅಕ್ಷರ ಬಾರದ ಒಕ್ಕಲಿಗೆ ಗೇಣಿ ಕೊಟ್ಟ ರಸೀದಿ ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ಕೇಳಿದರೆ ಮನೆ ಬಿಡಬೇಕಾಗುತ್ತಿತ್ತು, ಯಾಕೆಂದರೆ ಮನೆ ಇದ್ದದ್ದೂ ಒಡೆಯನ ಜಾಗದಲ್ಲೇ.

ಈ ಜನರನ್ನು ದೇಸಾಯಿಯವರು 1930ರ ದಶಕದ ಕೊನೆಯಲ್ಲಿ ಸಂಘಟಿಸತೊಡಗಿದರು. ಹಳ್ಳಿ ಹಳ್ಳಿಗೆ ನಡೆದರು. ಸರಕಾರದ ವಿರುದ್ಧ ಹೋರಾಡುವುದು ಒಂದು ಬಗೆ, ಎದುರಾಳಿ ದೂರದ ಬಿಳಿಯ. ಗೇಣಿ ಹೋರಾಟದಲ್ಲಿ ಎದುರಾಳಿ ಪಕ್ಕದ ಕೇರಿಯವ, ದಿನಾ ಮುಖ ನೋಡುವವ, ಕೆಲವೊಮ್ಮೆ ಖಾದಿ ತೊಟ್ಟ ದೇಶಭಕ್ತನೂ ಹೌದು. ಸುಶಿಕ್ಷಿತ ಮೇಲ್ಜಾತಿಯ ಹುಡುಗನೊಬ್ಬ ಒಕ್ಕಲುಗಳ ಜೊತೆ ನಿಂತದ್ದು ಎಷ್ಟು ಮಂದಿಗೆ ಕಹಿಯಾಗಿರಬಹುದು ಎಂದು ಊಹಿಸಬಹುದು. ಬ್ರಿಟಿಷ್ ಆಡಳಿತ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಐದು ವರ್ಷ ಸ್ವಂತ ಊರಿಗೆ ಕಾಲಿಡುವ ಹಾಗಿರಲಿಲ್ಲ.

ಆದರೂ ಸಂಘಟನೆ ಸಾಯಲಿಲ್ಲ. ಊರಲ್ಲಿ ಉಳಿದ ಸಂಗಾತಿಗಳು ಅದನ್ನು ಹಿಡಿದುಕೊಂಡರು. ನಾಯಕ ಇಲ್ಲದಾಗಲೂ ನಿಲ್ಲುವುದು ಸಂಘ, ನಾಯಕ ಇದ್ದಾಗ ಮಾತ್ರ ನಿಲ್ಲುವುದು ಗುಂಪು. 1948ರಲ್ಲಿ ಮುಂಬೈ ಗೇಣಿ ಕಾಯ್ದೆ ಬಂತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಭೂಸುಧಾರಣೆ ಕಾಯ್ದೆಗೆ 1974ರಲ್ಲಿ ತಿದ್ದುಪಡಿ ಆದ ಮೇಲೆ ಉಳುವವನಿಗೆ ಹೊಲ ಎಂಬ ಮಾತು ನಿಜವಾಯಿತು. ನಮ್ಮ ಕಡೆಯ ಹಿರಿಯರು ಡಿಕ್ಲರೇಶನ್ ಕೊಟ್ಟದ್ದು ಅಂತ ಹೇಳುವುದು ಇದನ್ನೇ. ಆ ಕಾನೂನಿನ ಹಿಂದೆ ಇಂಥ ಎಷ್ಟೋ ಸಂಘಟನೆಗಳ ಮೂರು ದಶಕಗಳ ದುಡಿಮೆ ಇತ್ತು ಎಂಬುದನ್ನು ನಾವು ಮರೆಯುತ್ತೇವೆ.

ಟ್ರಸ್ಟಿನ ಕತೆ

ಗೇಣಿದಾರರ ನಡುವೆ ತಿರುಗಿದ ಮನುಷ್ಯನಿಗೆ ಒಂದು ಸತ್ಯ ಎದ್ದು ಕಂಡಿತು. ಕಾಯ್ದೆ ಬಂದರೂ ಅದನ್ನು ಓದುವವರು ಬೇಕಲ್ಲ? ರಸೀದಿಯಲ್ಲಿ ಏನು ಬರೆದಿದೆ ಎಂದು ಒಕ್ಕಲ ಮಗನಿಗೆ ತಿಳಿಯಬೇಕಲ್ಲ? ಜಿಲ್ಲೆಯನ್ನು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ಹೊಳೆಗಳು ಅಡ್ಡಡ್ಡ ಸೀಳಿವೆ. ಸೇತುವೆ ಇಲ್ಲದ ಕಾಲ ಅದು. ಮಳೆಗಾಲದಲ್ಲಿ ತಾರಿದೋಣಿ ನಿಂತರೆ ಆಚೆ ದಡದ ಮಕ್ಕಳಿಗೆ ಶಾಲೆಯೂ ನಿಂತಂತೆ. ಹೈಸ್ಕೂಲು ಇದ್ದದ್ದು ಪೇಟೆಯವರಿಗೆ, ಅನುಕೂಲಸ್ಥರಿಗೆ.

1953ರಲ್ಲಿ ದೇಸಾಯಿಯವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. ಶಾಲೆಯನ್ನು ಮಕ್ಕಳಿದ್ದಲ್ಲಿಗೆ ಒಯ್ಯುವುದು ಅದರ ರೀತಿ. ಹೆಸರಲ್ಲೇ ಉದ್ದೇಶ ಕಾಣುತ್ತದೆ: ಹಲವು ಶಾಲೆಗಳಿಗೆ ಅವರು ಇಟ್ಟದ್ದು ಜನತಾ ವಿದ್ಯಾಲಯ ಅಂತ. ಮಿರ್ಜಾನಿನಂಥ ಹೊಳೆಬದಿಯ ಹಳ್ಳಿಯಲ್ಲಿ ಶಾಲೆ ಬಂತು. ಕಾಗದದ ಕಾರ್ಖಾನೆ ಬಂದು ಎಲ್ಲೆಲ್ಲಿಂದಲೋ ಕಾರ್ಮಿಕರು ಸೇರಿದ ದಾಂಡೇಲಿಯಲ್ಲಿ ಶಾಲೆ ಬಂತು. ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ 1966ರಲ್ಲಿ ಅಂಕೋಲೆಯಲ್ಲಿ ಕಾಲೇಜು ಶುರುವಾಯಿತು. ಗುರುವಿಗೆ ಪ್ರತಿಮೆ ನಿಲ್ಲಿಸುವ ಬದಲು ಅವರ ಹೆಸರಲ್ಲಿ ತರಗತಿ ತೆರೆದರು. ಕಾರವಾರದ ದಿವೇಕರ ವಾಣಿಜ್ಯ ಕಾಲೇಜೂ ಇದೇ ಟ್ರಸ್ಟಿನದ್ದು.

ಇಲ್ಲಿ ಗಮನಿಸಬೇಕಾದ ಸಂಗತಿ ಉಂಟು. ಇದು ಒಂದು ಜಾತಿಯ ಅಥವಾ ಒಂದು ಮತದ ಟ್ರಸ್ಟ್ ಆಗಿರಲಿಲ್ಲ. ಬೆಂಚಿನ ಮೇಲೆ ಒಡೆಯನ ಮಗನೂ ಒಕ್ಕಲ ಮಗನೂ ಮೀನುಗಾರನ ಮಗಳೂ ಒಟ್ಟಿಗೆ ಕೂರಬೇಕಾಯಿತು. ಮನೆಯಂಗಳದಲ್ಲಿ ಕೈಕಟ್ಟಿ ನಿಂತ ಅಪ್ಪನ ಮಗ ತರಗತಿಯಲ್ಲಿ ಪಕ್ಕದಲ್ಲಿ ಕುಳಿತರೆ, ಅದಕ್ಕಿಂತ ದೊಡ್ಡ ಭೂಸುಧಾರಣೆ ಬೇರೆ ಯಾವುದು?

ಪತ್ರಿಕೆ, ಪಾರ್ಲಿಮೆಂಟು, ಪದ್ಯ

ಅಂಕೋಲೆಯಿಂದ ಅವರು ಜನಸೇವಕ ಎಂಬ ವಾರಪತ್ರಿಕೆ ನಡೆಸಿದರು. ಜಿಲ್ಲೆಯ ರಸ್ತೆ, ಬಂದರು, ಶಾಲೆ, ಗೇಣಿ, ಲಂಚ ಎಲ್ಲವೂ ಅದರಲ್ಲಿ ಚರ್ಚೆಗೆ ಬಂದವು. 1967ರಲ್ಲಿ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಗೆದ್ದರು. ಅದಕ್ಕಿಂತ ಹಿಂದಿನ ಮೂರು ಚುನಾವಣೆಗಳಲ್ಲಿ ಕಾಂಗ್ರೆಸ್ಸಿನ ಜೋಕಿಂ ಆಳ್ವರೇ ಗೆದ್ದಿದ್ದ ಕ್ಷೇತ್ರ ಅದು. ಪಕ್ಷದ ಬಲ ಇಲ್ಲದೆ ಅಲ್ಲಿ ಗೆದ್ದದ್ದಕ್ಕೆ ಕಾರಣ ಬೇರೆ ಹುಡುಕಬೇಕಾಗಿಲ್ಲ, ಮೂವತ್ತು ವರ್ಷದ ಓಡಾಟವೇ ಸಾಕು. ಆದರೆ ಪಾರ್ಲಿಮೆಂಟು ಅವರ ಬದುಕಿನಲ್ಲಿ ನಡುವೆ ಬಂದುಹೋದ ಒಂದು ಅಧ್ಯಾಯ ಅಷ್ಟೇ. ಮುಂಚೆಯೂ ಆಮೇಲೆಯೂ ಅವರ ನೆಲೆ ಸಂಘ, ಸಂಸ್ಥೆ ಮತ್ತು ಶಾಲೆ.

ಪದ್ಯ ಬರೆಯುವುದು ಈ ಎಲ್ಲದರ ನಡುವೆ. ಬಿಡುವಿಲ್ಲದ ಮನುಷ್ಯನಿಗೆ ನಾಲ್ಕು ಸಾಲೇ ಸಾಕಾಯಿತೋ ಏನೋ. ಮಂತ್ರಿ, ಮಠ, ಸಾಹುಕಾರ ಯಾರನ್ನೂ ಬಿಡದೆ ಕುಟುಕಿದರು, ತಮ್ಮನ್ನೂ ಬಿಡಲಿಲ್ಲ. ಮಕ್ಕಳಿಗಾಗಿ ಬರೆದ ಹಾಡುಗಳು ಇಂದಿಗೂ ಜೀವಂತ. ಸತ್ತ ಮೇಲೆ ದೇಹದ ಬೂದಿಯೂ ಇತರರಿಗೆ ಉಪಯೋಗವಾಗಲಿ ಎಂದು ಬಯಸಿದ ಅವರ ಪದ್ಯ ಕನ್ನಡಿಗರಿಗೆಲ್ಲ ಗೊತ್ತು. 1982ರ ನವೆಂಬರ್ 6ರಂದು ಅವರು ತೀರಿಕೊಂಡರು.

ನಮಗೇನು?

ಇಂದು ನಮ್ಮ ಕರಾವಳಿಯಲ್ಲಿ ಟ್ರಸ್ಟುಗಳಿಗೆ ಬರ ಇಲ್ಲ. ಬ್ಯಾರಿಗಳಲ್ಲೂ ಊರಿಗೊಂದು ಸಂಘ, ಪೇಟೆಗೊಂದು ಸ್ಕಾಲರ್‌ಶಿಪ್ ಕಾರ್ಯಕ್ರಮ ಇದೆ. ಗಲ್ಫಿನಲ್ಲಿ ದುಡಿದವರ ಹಣದಿಂದ ಎಷ್ಟೋ ಮಕ್ಕಳು ಓದಿದ್ದಾರೆ, ಅದು ಸಣ್ಣ ಸಂಗತಿಯಲ್ಲ. ಆದರೂ ದೇಸಾಯಿಯವರ ಬದುಕನ್ನು ಮುಂದಿಟ್ಟುಕೊಂಡು ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ನಾವು ಕಿಟ್ ಹಂಚುತ್ತೇವೆ, ಆದರೆ ಪಡೆಯುವವನಿಗೆ ಅವನ ಹಕ್ಕಿನ ಕಾಗದ ಓದಲು ಕಲಿಸುತ್ತೇವೆಯೇ? ನಮ್ಮ ಸಂಸ್ಥೆಯ ಬಾಗಿಲು ಪಕ್ಕದ ಮನೆಯ ಬೇರೆ ಸಮುದಾಯದ ಬಡವನಿಗೂ ತೆರೆದಿದೆಯೇ? ಅಧ್ಯಕ್ಷರು ಐದು ವರ್ಷ ಊರಲ್ಲಿ ಇಲ್ಲದಿದ್ದರೂ ನಮ್ಮ ಸಂಘ ನಡೆದೀತೇ?

ದಾನ ಕೊಟ್ಟವನ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ದೇಸಾಯಿಯವರು ಕಟ್ಟಿದ ಕಾಲೇಜಿನ ಬಾಗಿಲಲ್ಲಿ ಇರುವುದು ಗೋಖಲೆಯವರ ಹೆಸರು. ಅವರ ಹೆಸರು ಉಳಿದದ್ದು ಮೊದಲ ಬಾರಿ ಶಾಲೆ ಕಂಡ ಮನೆಗಳಲ್ಲಿ. ಕಾರವಾರ, ಅಂಕೋಲಾ ಕಡೆ ಹೋದಾಗ ಅಲ್ಲಿಯ ಹಿರಿಯರ ಹತ್ತಿರ ಒಮ್ಮೆ ಕೇಳಿ ನೋಡಿ.