ಚೂರು ತಗಡಿಗೂ ಬೆಲೆ ಕಟ್ಟಿದ ಕಾಂಟೊರೊವಿಚ್

ಹಾವೇರಿ ಬಿಟ್ಟು ಹೈದರಾಬಾದಿಗೆ ಬಂದು ಹನ್ನೊಂದು ವರ್ಷವಾಯಿತು. ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ನನ್ನ ಕೆಲಸ. ರಜೆಯ ದಿನವೂ ತಗಡಿನ ಸಹವಾಸ ತಪ್ಪಿಲ್ಲ. ಕನ್ನಡ ಬಳಗದಲ್ಲಿ ಪರಿಚಯವಾದ ಹಿರಿಯರೊಬ್ಬರು, ನಿವೃತ್ತ ಎಂಜಿನಿಯರ್, ಊರ ಹೊರಗಿನ ಶೆಡ್ಡಿನಲ್ಲಿ ಎರಡು ಸೀಟಿನ ಪುಟ್ಟ ವಿಮಾನವನ್ನು ಕೈಯಾರೆ ಕಟ್ಟುತ್ತಿದ್ದಾರೆ. ಭಾನುವಾರ ನಾನು ಅವರಿಗೆ ಕೈಜೋಡಿಸುತ್ತೇನೆ.

ಅವರ ದೊಡ್ಡ ಚಿಂತೆ ಎಂಜಿನ್ನಿನದಲ್ಲ, ಅಲ್ಯೂಮಿನಿಯಂ ಶೀಟಿನದು. ವಿಮಾನಕ್ಕೆ ಒಪ್ಪುವ ಶೀಟನ್ನು ಅವರು ಹೊರದೇಶದಿಂದ ತರಿಸುತ್ತಾರೆ. ಲೆಕ್ಕ ತಪ್ಪಿ ಒಂದೇ ಒಂದು ಶೀಟು ಕಡಿಮೆ ಬಿದ್ದರೂ ಪಿಂಚಣಿ ಹಣದಲ್ಲಿ ಮತ್ತೊಂದು ಆರ್ಡರು, ಮತ್ತೆ ತಿಂಗಳುಗಟ್ಟಲೆ ಕಾಯುವುದು. ಹಾಗಾಗಿ ಮೊದಲು ಎಲ್ಲ ಭಾಗಗಳ ಆಕಾರವನ್ನೂ ರಟ್ಟಿನಲ್ಲಿ ಕತ್ತರಿಸಿ, ಶೀಟಿನ ಮೇಲೆ ಹರಡಿ, ತಿರುಗಿಸಿ ಮುರುಗಿಸಿ ನೋಡುತ್ತೇವೆ. ರೆಕ್ಕೆಯ ಹೊದಿಕೆಯಂಥ ದೊಡ್ಡವು ಮೊದಲು, ರಿಬ್ಬುಗಳು ಆಮೇಲೆ, ಸಂದಿಗಳಲ್ಲಿ ಸಣ್ಣ ಬ್ರಾಕೆಟ್ಟುಗಳು. ಆದರೆ ಬೇಕಾದ ಹಾಗೆ ತಿರುಗಿಸುವಂತಿಲ್ಲ. ಉರುಳೆಗಳ ನಡುವೆ ಒತ್ತಿ ಮಾಡಿದ ಶೀಟಿಗೆ ನಾರಿನಂಥ ಒಂದು ದಿಕ್ಕಿರುತ್ತದೆ. ಮಡಿಕೆ ಆ ದಿಕ್ಕಿಗೆ ಅಡ್ಡಲಾಗಿ ಬಂದರೆ ಒಳ್ಳೆಯದು, ಅದರ ಉದ್ದಕ್ಕೇ ಬಂದರೆ ಬಿರುಕಿನ ಭಯ. ಚೂಪಾದ ಮೊಳೆಯಿಂದ ಗೆರೆ ಎಳೆಯುವಂತೆಯೂ ಇಲ್ಲ, ಆ ಗೀರೇ ಮುಂದೆ ಬಿರುಕಾಗಬಹುದು. ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿಯುವವರಿಗೆ ಈ ಪೇಚು ಗೊತ್ತು: ದಡಿ ಸರಿಯಾದ ಕಡೆ ಬರಬೇಕು, ಬಟ್ಟೆಯೂ ಸಾಲಬೇಕು.

ಈ ಪೇಚಾಟವನ್ನು ಗಣಿತವಾಗಿ ಬಿಡಿಸಿದವರಲ್ಲಿ ಮೊದಲಿಗರು ರಷ್ಯಾದ ಲಿಯೊನಿಡ್ ಕಾಂಟೊರೊವಿಚ್. ಅರ್ಥಶಾಸ್ತ್ರದ ನೊಬೆಲ್ ಪಡೆದವರೆಂದು ಅವರ ಹೆಸರನ್ನು ಕೆಲವರು ಕೇಳಿರಬಹುದು. ಆ ದಾರಿ ಶುರುವಾದದ್ದು ಮಾತ್ರ ಪ್ಲೈವುಡ್ಡಿನಿಂದ.

1912ರ ಜನವರಿ 19ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ವೈದ್ಯರ ಮನೆಯಲ್ಲಿ ಹುಟ್ಟಿದರು. ಹತ್ತು ವರ್ಷದವರಿದ್ದಾಗ ತಂದೆ ತೀರಿಕೊಂಡರು, ಬೆಳೆಸಿದ್ದು ತಾಯಿ. ಹದಿನಾಲ್ಕಕ್ಕೇ ಲೆನಿನ್‌ಗ್ರಾಡ್ ವಿಶ್ವವಿದ್ಯಾಲಯ ಸೇರಿ, ಹದಿನೆಂಟಕ್ಕೆ ಪದವಿ ಮುಗಿಸಿ, ಇಪ್ಪತ್ತೆರಡಕ್ಕೆ ಪ್ರೊಫೆಸರ್ ಆದರು. ಅವರದು ಶುದ್ಧ ಗಣಿತ. ಕಾರ್ಖಾನೆಯ ಧೂಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

1938ರಲ್ಲಿ ಪ್ಲೈವುಡ್ ಟ್ರಸ್ಟಿನ ಪ್ರಯೋಗಾಲಯದವರು ಒಂದು ಪ್ರಶ್ನೆ ಹಿಡಿದು ಅವರ ಬಳಿ ಬಂದರು. ದಿಮ್ಮಿಗಳು ಹಲವು ಬಗೆ, ಸುಲಿಯುವ ಯಂತ್ರಗಳೂ ಹಲವು. ಯಾವ ಮರವನ್ನು ಯಾವ ಯಂತ್ರಕ್ಕೆ ಕೊಟ್ಟರೆ ಹೆಚ್ಚು ಮಾಲು ಬರುತ್ತದೆ? ಗೊತ್ತಿದ್ದ ಗಣಿತದಲ್ಲಿ ಇದನ್ನು ಬಿಡಿಸಲು ಹೊರಟರೆ ಲೆಕ್ಕ ಬೆಟ್ಟದಷ್ಟಾಗುತ್ತಿತ್ತು. ಕಾಂಟೊರೊವಿಚ್ ಹೊಸ ದಾರಿ ಹುಡುಕಿದರು. ಹುಡುಕುತ್ತಲೇ ಇದು ಪ್ಲೈವುಡ್ಡಿನ ಪ್ರಶ್ನೆ ಮಾತ್ರವಲ್ಲ ಎಂದು ಅವರಿಗೆ ಹೊಳೆಯಿತು. ತಗಡು ಕತ್ತರಿಸುವುದು, ಹೊಲಕ್ಕೆ ಬೆಳೆ ಹಂಚುವುದು, ಸರಕು ಸಾಗಿಸುವುದು, ಎಲ್ಲವೂ ಒಂದೇ ಜಾತಿಯ ಲೆಕ್ಕಗಳು. 1939ರಲ್ಲಿ ಇದನ್ನೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ಬರೆದರು.

ಅವರ ದಾರಿ ಏನೆಂದು ನಮ್ಮ ಶೆಡ್ಡಿನ ಲೆಕ್ಕದಲ್ಲೇ ಹೇಳುತ್ತೇನೆ. ಶೀಟು 12 ಅಡಿ ಉದ್ದ. ಕತ್ತರಿಸುವ ಅಂಚೂ ಸೇರಿ 5 ಅಡಿಯ 4 ತುಂಡು, ಮೂರೂವರೆ ಅಡಿಯ 4 ತುಂಡು ಬೇಕು, ಅಗಲ ಪೂರ್ತಿ. ಒಂದು ಬಗೆಯನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ದೊಡ್ಡವಕ್ಕೆ ಎರಡು ಶೀಟು, ಸಣ್ಣವಕ್ಕೆ ಎರಡು, ಒಟ್ಟು ನಾಲ್ಕು. ಬದಲಿಗೆ ಎರಡು ಶೀಟುಗಳಲ್ಲಿ ಒಂದೊಂದು ದೊಡ್ಡದು, ಎರಡೆರಡು ಸಣ್ಣವು, ಮೂರನೆಯದರಲ್ಲಿ ಉಳಿದೆರಡು ದೊಡ್ಡವು ತೆಗೆದರೆ ಮೂರೇ ಶೀಟು ಸಾಕು.

ಇದಕ್ಕಿಂತ ಚೆನ್ನಾಗಿ ಆಗದು ಎಂದು ಗೊತ್ತಾಗುವುದು ಹೇಗೆ? ಶೀಟಿಗೆ ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ದೊಡ್ಡ ತುಂಡಿಗೆ ಎಂಟಾಣೆ, ಸಣ್ಣದಕ್ಕೆ ನಾಲ್ಕಾಣೆ ಬೆಲೆ ಕಟ್ಟಿ. ಶೀಟಿನಲ್ಲಿ ಎರಡು ದೊಡ್ಡವು ತೆಗೆದರೆ ರೂಪಾಯಿಗೆ ರೂಪಾಯಿ ಸರಿ. ಒಂದು ದೊಡ್ಡದು, ಎರಡು ಸಣ್ಣವು ತೆಗೆದರೂ ಸರಿ. ಮೂರು ಸಣ್ಣವೇ ತೆಗೆದರೆ ಹನ್ನೆರಡಾಣೆ, ನಾಲ್ಕಾಣೆ ನಷ್ಟ. ಯಾವ ಜೋಡಣೆಯೂ ರೂಪಾಯಿ ದಾಟುವುದಿಲ್ಲ. ನಮಗೆ ಬೇಕಾದ ಎಂಟು ತುಂಡುಗಳ ಬೆಲೆ ಮೂರು ರೂಪಾಯಿ. ಅಂದ ಮೇಲೆ ಮೂರಕ್ಕಿಂತ ಕಡಿಮೆ ಶೀಟಿನಲ್ಲಿ ಆಗುವ ಮಾತೇ ಇಲ್ಲ. ಈ ಎಂಟಾಣೆ, ನಾಲ್ಕಾಣೆ ತುಂಡಿನ ಉದ್ದದಿಂದ ಬಂದ ಬೆಲೆಯಲ್ಲ ಎಂಬುದನ್ನು ಗಮನಿಸಿ. ಯಾವುದು ಯಾವುದರ ಜಾಗ ಕಸಿಯುತ್ತದೆ ಎಂಬುದರಿಂದ ಬಂದದ್ದು. ಕೊರತೆ ಬೀಳುವ ತುಂಡಿನ ಬೆಲೆ ಏರಿಸುತ್ತ, ಮಿಕ್ಕುವುದರ ಬೆಲೆ ಇಳಿಸುತ್ತ ಹೋದರೆ ಸರಿಯಾದ ಬೆಲೆ ಸಿಗುತ್ತದೆ. ಕಾಂಟೊರೊವಿಚ್ ಕೊಟ್ಟ ಮುಖ್ಯ ವಿಚಾರ ಇದು. ಅವರಿಗೆ ಕಷ್ಟ ತಂದದ್ದೂ ಇದೇ.

ಯುದ್ಧ ಬಂತು. ಜರ್ಮನ್ ಸೇನೆ ಲೆನಿನ್‌ಗ್ರಾಡನ್ನು ಮುತ್ತಿದಾಗ ಹೆಪ್ಪುಗಟ್ಟಿದ ಲಡೋಗಾ ಸರೋವರದ ಮೇಲಿನ ದಾರಿಯೇ ನಗರದ ಜೀವನಾಡಿಯಾಗಿತ್ತು. ಎಷ್ಟು ದಪ್ಪದ ಹಿಮದ ಮೇಲೆ ಲಾರಿಗಳ ನಡುವೆ ಎಷ್ಟು ಅಂತರವಿರಬೇಕೆಂಬ ಲೆಕ್ಕದಲ್ಲಿ ಅವರೂ ತೊಡಗಿದರು. ಆಮೇಲೆ ಯಾರೊಸ್ಲಾವ್ಲಿನಲ್ಲಿದ್ದಾಗ, 1942ರಲ್ಲಿ, ತಮ್ಮ ಲೆಕ್ಕವನ್ನು ಇಡೀ ದೇಶದ ಯೋಜನೆಗೇ ಹಚ್ಚಿ ದೊಡ್ಡ ಪುಸ್ತಕ ಬರೆದರು. ಯೋಜನಾ ಇಲಾಖೆಯವರು ಒಪ್ಪಲಿಲ್ಲ. ವಸ್ತುವಿನ ಮೌಲ್ಯ ಅದಕ್ಕೆ ಹಾಕಿದ ದುಡಿಮೆಯಿಂದ ಬರುತ್ತದೆ ಎಂಬುದು ಅಲ್ಲಿನ ಅಧಿಕೃತ ಸಿದ್ಧಾಂತ. ಕೊರತೆಯಿಂದ ಹುಟ್ಟುವ ಬೆಲೆ ಎಂದರೆ ಬಂಡವಾಳಶಾಹಿಯ ವಾಸನೆ. ಸ್ಟಾಲಿನ್ ಕಾಲದಲ್ಲಿ ಅಂಥ ಆರೋಪ ಹೊತ್ತವರ ಜೀವಕ್ಕೇ ಭರವಸೆ ಇರಲಿಲ್ಲ. ಹಸ್ತಪ್ರತಿ ಪೆಟ್ಟಿಗೆ ಸೇರಿತು. ಅಚ್ಚಾದದ್ದು 1959ರಲ್ಲಿ.

ದೇಶದ ಲೆಕ್ಕ ಬೇಡವೆಂದರೂ ತಗಡಿನ ಲೆಕ್ಕಕ್ಕೆ ಯಾರೂ ಅಡ್ಡ ಬರಲಿಲ್ಲ. ಯುದ್ಧದಿಂದ ಮರಳಿದ್ದ ಗಣಿತಜ್ಞ ವಿಕ್ಟರ್ ಝಲ್ಗಾಲರ್ ಜೊತೆ ಸೇರಿ ಲೆನಿನ್‌ಗ್ರಾಡಿನ ಎಗೊರೊವ್ ರೈಲು ಬೋಗಿ ಕಾರ್ಖಾನೆಯಲ್ಲಿ ಶೀಟು ಕತ್ತರಿಸುವ ಯೋಜನೆ ಹಾಕಿದರು. ಕಂಪ್ಯೂಟರ್ ಇಲ್ಲ, ಎಲ್ಲ ಕೈಲೆಕ್ಕ. ಪೋಲು ಚೆನ್ನಾಗಿಯೇ ತಗ್ಗಿತು. ಆದರೆ ಕಾರ್ಖಾನೆಗೆ ಬೇರೆಯೇ ಫಜೀತಿ. ಇಂತಿಷ್ಟು ಗುಜರಿ ಲೋಹವನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಗುರಿ ಅದರ ಮೇಲಿತ್ತು. ಚೂರುಗಳೇ ಉಳಿಯದಿದ್ದಾಗ ಗುರಿ ಮುಟ್ಟಲಿಲ್ಲ! ಉಳಿಸಿದ್ದಕ್ಕೇ ಉತ್ತರ ಕೊಡಬೇಕಾದ ಪರಿಸ್ಥಿತಿ. ಕಚೇರಿಗಳಲ್ಲಿ ದುಡಿಯುವ ನಮಗೆ ಇದು ತೀರಾ ಅಪರಿಚಿತವೇನಲ್ಲ. 1951ರಲ್ಲಿ ಇಬ್ಬರೂ ಕತ್ತರಿಸುವ ಲೆಕ್ಕದ ಮೇಲೆ ಪುಸ್ತಕ ತಂದರು.

ಅಷ್ಟರಲ್ಲಿ, 1947ರಲ್ಲಿ, ಅಮೆರಿಕದ ಜಾರ್ಜ್ ಡಾಂಟ್ಜಿಗ್ ತಮ್ಮದೇ ದಾರಿಯಲ್ಲಿ ಇದೇ ಗಣಿತ ಮುಟ್ಟಿದ್ದರು. ರಷ್ಯಾದಲ್ಲಿ ಎಂಟು ವರ್ಷ ಮೊದಲೇ ಈ ಕೆಲಸ ನಡೆದಿತ್ತೆಂದು ಅಲ್ಲಿನವರಿಗೆ ತಿಳಿದಿರಲಿಲ್ಲ. 1939ರ ಪುಸ್ತಕ ಇಂಗ್ಲಿಷಿಗೆ ಬಂದದ್ದು 1960ರಲ್ಲಿ. ಅದೇ ವರ್ಷ ಕಾಂಟೊರೊವಿಚ್ ಹುಟ್ಟೂರು ಬಿಟ್ಟು ಸೈಬೀರಿಯಾದ ನೊವೊಸಿಬಿರ್ಸ್ಕಿಗೆ ಹೋದರು, 1971ರಲ್ಲಿ ಮಾಸ್ಕೋಗೆ. 1965ರಲ್ಲಿ ಲೆನಿನ್ ಪ್ರಶಸ್ತಿ, 1975ರಲ್ಲಿ ಟ್ಯಾಲಿಂಗ್ ಕೂಪ್‌ಮನ್ಸ್ ಜೊತೆ ನೊಬೆಲ್ ಬಂತು. 1986ರ ಏಪ್ರಿಲ್ 7ರಂದು ತೀರಿಕೊಂಡರು.

ಈಗ ನನ್ನ ಕಚೇರಿಯಲ್ಲಿ ಸಾಫ್ಟ್‌ವೇರ್ ನಿಮಿಷದೊಳಗೆ ಭಾಗಗಳನ್ನು ಶೀಟಿನ ಮೇಲೆ ಜೋಡಿಸಿಬಿಡುತ್ತದೆ. ಶೆಡ್ಡಿನಲ್ಲಿ ನಮ್ಮದು ಇನ್ನೂ ರಟ್ಟು, ಸ್ಕೆಚ್ ಪೆನ್ನು, ಎಂಟಾಣೆ ನಾಲ್ಕಾಣೆ. ಕಳೆದ ಭಾನುವಾರ ಮೂರನೇ ಶೀಟಿನಲ್ಲಿ ಉಳಿದ ಎರಡಡಿಯ ತುಂಡಿನಲ್ಲಿ ನಾಲ್ಕು ಬ್ರಾಕೆಟ್ಟು ಹೊರಟವು. ನಾಲ್ಕನೇ ಶೀಟಿನ ಕಟ್ಟನ್ನು ಬಿಚ್ಚಲೇ ಇಲ್ಲ. ಹಿರಿಯರು ಅದರ ಮೇಲಿನ ಧೂಳು ಒರೆಸಿ, ಗೋಡೆಗೆ ಒರಗಿಸಿಟ್ಟು, ಚಹಾ ಮಾಡಲು ಎದ್ದರು.